ಹಿಂಗಾರಿನ ಕೈತೋಟ: ಕಾರ್ತಿಕ ಮಾಸದಲ್ಲಿ ನೆಡಬಹುದಾದ ತರಕಾರಿ ಮತ್ತು ಹಣ್ಣಿನ ಗಿಡಗಳು

ಪೀಠಿಕೆ

ಮನೆಯ ಹಿತ್ತಲಿನಲ್ಲಿ ಅಥವಾ ಹೊಲದ ಅಂಚಿನಲ್ಲಿ ಕುಟುಂಬದ ಬಳಕೆಗೆಂದು ತರಕಾರಿ ಮತ್ತು ಹಣ್ಣುಗಳನ್ನು ಬೆಳೆಯುವ ಸ್ಥಳವೇ ಕೈತೋಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ವಯಸ್ಕರ ದಿನದ ಆಹಾರದಲ್ಲಿ ಸೊಪ್ಪು ಸೇರಿದಂತೆ ಸುಮಾರು 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಇರಬೇಕು. ಪೇಟೆಯ ಧಾರಣೆ ಏರಿದಾಗ ಮನೆಯ ಖರ್ಚಿನಲ್ಲಿ ಮೊದಲು ಕಡಿತಗೊಳ್ಳುವುದು ತರಕಾರಿಯೇ ಆಗಿರುವುದರಿಂದ, ಈ ಪ್ರಮಾಣವನ್ನು ವರ್ಷವಿಡೀ ಕಾಯ್ದುಕೊಳ್ಳಲು ಕೈತೋಟವು ನೆರವಾಗುತ್ತದೆ.

ಕರ್ನಾಟಕದ ಹೆಚ್ಚಿನ ಭಾಗಗಳಲ್ಲಿ ತರಕಾರಿ ಬೆಳೆಗೆ ವರ್ಷದಲ್ಲಿ ಅತ್ಯಂತ ಅನುಕೂಲವಾದ ಕಾಲವೆಂದರೆ ಶರದೃತುವಿನ ಕೊನೆ ಮತ್ತು ಹೇಮಂತದ ಆರಂಭ. ಈ ಅವಧಿಯಲ್ಲಿ ಯಾವುದನ್ನು, ಯಾವಾಗ, ಎಷ್ಟು ನೆಡಬೇಕು ಹಾಗೂ ಯಾವುದನ್ನು ನೆಡಬಾರದು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

1. ಸೂಕ್ತ ಕಾಲ

ಅಕ್ಟೋಬರ್ ಕೊನೆಯ ವಾರದಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿ, ಅಂದರೆ ಸ್ವಾತಿ, ವಿಶಾಖಾ ಮತ್ತು ಅನುರಾಧಾ ಮಳೆಗಳ ಕಾಲವು ಹಿಂಗಾರಿನ ಕೈತೋಟಕ್ಕೆ ಸೂಕ್ತವಾಗಿದೆ. ಮುಂಗಾರಿನ ತೇವವು ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ. ಬಿಸಿಲಿನ ತಾಪ ಇಳಿದಿರುತ್ತದೆ. ರಾತ್ರಿಯ ತಂಪು ಕೋಸು, ಗೆಡ್ಡೆ ಮತ್ತು ಬಟಾಣಿ ಜಾತಿಯ ಬೆಳೆಗಳಿಗೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ಕಾಡುವ ಕೊಳೆ ರೋಗಗಳೂ ಕಡಿಮೆಯಾಗುತ್ತವೆ.

ಆದರೆ ಈ ಅವಧಿಯು ಬೇಗ ಮುಗಿಯುವಂತಹುದು. ಡಿಸೆಂಬರ್ ಮಧ್ಯದ ನಂತರ ನೆಟ್ಟ ಎಲೆಕೋಸು, ಬಟಾಣಿ ಮುಂತಾದವು ಬಲಿಯುವ ವೇಳೆಗೆ ಫೆಬ್ರವರಿ-ಮಾರ್ಚ್ ತಿಂಗಳ ಬಿಸಿಲು ಏರಿ ಇಳುವರಿ ಕುಗ್ಗುತ್ತದೆ. ಹೀಗಾಗಿ ದೀರ್ಘಾವಧಿ ಬೆಳೆಗಳನ್ನು ಮೊದಲು ನೆಟ್ಟು, ಸೊಪ್ಪು ಮತ್ತು ಮೂಲಂಗಿಯಂತಹ ಅಲ್ಪಾವಧಿ ಬೆಳೆಗಳನ್ನು ಹಂತ ಹಂತವಾಗಿ ಬಿತ್ತುವುದು ಉತ್ತಮ ಕ್ರಮ.

2. ನೀರಿನ ಲೆಕ್ಕ

ಕೈತೋಟ ಆರಂಭಿಸುವವರು ಮೊದಲು ಲೆಕ್ಕ ಹಾಕಬೇಕಾದುದು ನೀರನ್ನು. ಚಳಿಗಾಲದಲ್ಲಿ ಪೂರ್ಣ ಬೆಳೆದ ತರಕಾರಿ ಮಡಿಗೆ ದಿನಕ್ಕೆ ಚದರ ಮೀಟರಿಗೆ ಸುಮಾರು 4 ಲೀಟರ್ ನೀರು ಬೇಕಾಗುತ್ತದೆ. 32 ಚದರ ಮೀಟರ್ ಮಡಿಗಳಿಗೆ ಇದು ದಿನಕ್ಕೆ ಸುಮಾರು 130 ಲೀಟರ್ ಆಗುತ್ತದೆ. ಮಾರ್ಚ್ ತಿಂಗಳಿನಿಂದ ಈ ಅಗತ್ಯವು ಸುಮಾರು ಒಂದೂವರೆ ಪಟ್ಟು ಹೆಚ್ಚುತ್ತದೆ. ಬಾವಿ ಮತ್ತು ಕೊಳವೆ ಬಾವಿಗಳಲ್ಲಿ ನೀರು ಇಳಿಯುವುದೂ ಅದೇ ಕಾಲದಲ್ಲಿ.

ಆದ್ದರಿಂದ ಬೇಸಿಗೆಯಲ್ಲಿ ನೀರಿನ ಅಭಾವವಿರುವ ಮನೆಗಳಲ್ಲಿ ಫೆಬ್ರವರಿ ಕೊನೆಯೊಳಗೆ ಕೊಯ್ಲು ಮುಗಿಯುವ ಬೆಳೆಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ನವಿಲುಕೋಸು ಮತ್ತು ಹುರುಳಿಕಾಯಿ ಈ ಗುಂಪಿಗೆ ಸೇರುತ್ತವೆ. ಬದನೆ, ಮೆಣಸಿನಕಾಯಿ, ಈರುಳ್ಳಿ ಮತ್ತು ಬೆಳ್ಳುಳ್ಳಿಗೆ ನಾಲ್ಕು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ನೀರು ಒದಗಿಸಬೇಕಾಗುತ್ತದೆ.

ಗಿಡಗಳ ಬುಡಕ್ಕೆ ಒಣ ಹುಲ್ಲು, ತರಗೆಲೆ ಅಥವಾ ಕಬ್ಬಿನ ರವದಿಯನ್ನು ಹೊದಿಸಿದಲ್ಲಿ ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಸ್ನಾನದ ಹಾಗೂ ಪಾತ್ರೆ ತೊಳೆದ ನೀರನ್ನು ಬಾಳೆ ಮತ್ತು ಪರಂಗಿ ಗಿಡಗಳಿಗೆ ಹರಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು ಮತ್ತು ಗೆಡ್ಡೆಗಳಿಗೆ ಅದನ್ನು ಬಳಸಬಾರದು.

3. ಸ್ಥಳದ ಆಯ್ಕೆ ಮತ್ತು ಮಡಿಗಳ ತಯಾರಿಕೆ

ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ನೇರ ಬಿಸಿಲು ಬೀಳುವ, ನೀರು ಬಸಿದು ಹೋಗುವ ಸ್ಥಳವನ್ನು ಆರಿಸಬೇಕು. ಬಿಸಿಲು ಕಡಿಮೆಯಿರುವ ಕಡೆ ಸೊಪ್ಪುಗಳನ್ನು ಬೆಳೆಯಬಹುದೇ ಹೊರತು ಟೊಮೇಟೊ, ಬದನೆ ಮುಂತಾದ ಕಾಯಿ ಬಿಡುವ ಬೆಳೆಗಳು ಫಲ ಕೊಡುವುದಿಲ್ಲ.

10 ಮೀಟರ್ ಉದ್ದ, 6 ಮೀಟರ್ ಅಗಲದ ಜಾಗದಲ್ಲಿ, ಅಂದರೆ ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚಿನ ನೆಲದಲ್ಲಿ, 4 ಮೀಟರ್ ಉದ್ದ ಮತ್ತು 1 ಮೀಟರ್ ಅಗಲದ ಎಂಟು ಮಡಿಗಳನ್ನು ಮಾಡಿಕೊಳ್ಳಬಹುದು. ನಡುವೆ ಓಡಾಡಲು 40 ಸೆಂ.ಮೀ. ದಾರಿ ಬಿಡಬೇಕು. ಮಡಿಯ ಅಗಲ 1 ಮೀಟರಿಗಿಂತ ಹೆಚ್ಚಿದ್ದರೆ ಕಳೆ ತೆಗೆಯಲು ಮಡಿಯೊಳಗೆ ಕಾಲಿಡಬೇಕಾಗುತ್ತದೆ. ಇದರಿಂದ ಮಣ್ಣು ಗಟ್ಟಿಯಾಗುತ್ತದೆ. ದಕ್ಷಿಣ ಒಳನಾಡಿನಲ್ಲಿ ನವೆಂಬರ್ ತಿಂಗಳಲ್ಲೂ ವಾಯುಭಾರ ಕುಸಿತದಿಂದ ಭಾರಿ ಮಳೆಯಾಗುವ ಸಂಭವವಿರುವುದರಿಂದ ಮಡಿಗಳನ್ನು ನೆಲದಿಂದ 15 ಸೆಂ.ಮೀ. ಎತ್ತರಿಸಬೇಕು.

ಪ್ರತಿ ಮಡಿಗೆ ಚೆನ್ನಾಗಿ ಕಳಿತ 10 ಕೆ.ಜಿ. ಕೊಟ್ಟಿಗೆ ಗೊಬ್ಬರ ಮತ್ತು 400 ಗ್ರಾಂ ಬೇವಿನ ಹಿಂಡಿಯನ್ನು ಬಿತ್ತನೆಗೆ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಬೇಕು. ಹಸಿ ಸಗಣಿಯನ್ನು ಹಾಕಬಾರದು. ಇದರಿಂದ ಗೆದ್ದಲು ಮತ್ತು ಗೊಣ್ಣೆಹುಳುಗಳ ಬಾಧೆ ಹೆಚ್ಚುತ್ತದೆ. ಕ್ಯಾರೆಟ್, ಮೂಲಂಗಿಗಳ ಗೆಡ್ಡೆಯು ಕವಲೊಡೆಯುತ್ತದೆ.

ನಗರಗಳಲ್ಲಿ ತಾರಸಿ ಅಥವಾ ಮೊಗಸಾಲೆಯಲ್ಲಿ ಬೆಳೆಯುವವರು ಕೆಂಪು ಮಣ್ಣು, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲು ಬೆರೆಸಿ ಕುಂಡಗಳಲ್ಲಿ ತುಂಬಬಹುದು. ಸೊಪ್ಪಿಗೆ 15 ಸೆಂ.ಮೀ., ಮೂಲಂಗಿ, ಕ್ಯಾರೆಟ್ ಮತ್ತು ಟೊಮೇಟೊಗೆ 30 ಸೆಂ.ಮೀ. ಆಳದ ಕುಂಡ ಸಾಕು. ಕುಂಡದ ತಳದಲ್ಲಿ ನೀರು ಬಸಿಯಲು ರಂಧ್ರವಿರಬೇಕು.

4. ಬೀಜದ ಆಯ್ಕೆ

ಬೀಜದ ಪೊಟ್ಟಣದ ಮೇಲಿನ ಚೀಟಿಯಲ್ಲಿ ತಳಿಯ ಹೆಸರು, ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕ ಮತ್ತು ಬಳಕೆಯ ಕೊನೆಯ ದಿನಾಂಕಗಳನ್ನು ನೋಡಿಯೇ ಖರೀದಿಸಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಬಣ್ಣದ ಚೀಟಿ ಇರುತ್ತದೆ. ಖರೀದಿಯ ರಸೀದಿಯನ್ನು ಕೊಯ್ಲು ಮುಗಿಯುವವರೆಗೆ ಜೋಪಾನವಾಗಿಡುವುದು ಅಗತ್ಯ. ಬೀಜ ದೋಷಪೂರಿತವಾಗಿದ್ದಲ್ಲಿ ದೂರು ಸಲ್ಲಿಸಲು ಅದೇ ಆಧಾರ.

ಮನೆಯಲ್ಲಿ ಉಳಿದ ಹಳೆಯ ಬೀಜವಿದ್ದರೆ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಪರೀಕ್ಷಿಸಬೇಕು. 14ಕ್ಕಿಂತ ಕಡಿಮೆ ಮೊಳೆತಲ್ಲಿ ಹೊಸ ಬೀಜ ತರುವುದು ಲೇಸು. ಈರುಳ್ಳಿ ಬೀಜವು ಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹಿಂದಿನ ವರ್ಷದ ಬೀಜವನ್ನು ಬಳಸಬಾರದು. ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಆಹಾರವಾಗಿ ಬಳಸಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

5. ನೇರವಾಗಿ ಬಿತ್ತುವ ತರಕಾರಿಗಳು

ಮೆಂತ್ಯ: 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೀಜವನ್ನು ರಾತ್ರಿ ನೆನೆಸಿ ಬಿತ್ತಬೇಕು.

ಕೊತ್ತಂಬರಿ: ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೊಳೆಯಲು 8ರಿಂದ 12 ದಿನ, ಕೊಯ್ಲಿಗೆ 40 ದಿನ ಬೇಕು.

ಪಾಲಕ್, ದಂಟು ಮತ್ತು ಸಬ್ಬಸಿಗೆ: 30ರಿಂದ 40 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಪಾಲಕ್ ಸೊಪ್ಪನ್ನು ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ. ಪಾಲಕ್‌ನಲ್ಲಿ ಅರ್ಕಾ ಅನುಪಮ, ದಂಟಿನಲ್ಲಿ ಅರ್ಕಾ ಸುಗುಣ ಮತ್ತು ಅರ್ಕಾ ಅರುಣಿಮ ತಳಿಗಳು ಲಭ್ಯ.

ಮೂಲಂಗಿ: ಅರ್ಕಾ ನಿಶಾಂತ್ ತಳಿಯು 45ರಿಂದ 50 ದಿನಗಳಲ್ಲಿ ಸಿದ್ಧವಾಗುತ್ತದೆ. ತಡವಾಗಿ ಕಿತ್ತರೆ ಗೆಡ್ಡೆ ಬೆಂಡಾಗುತ್ತದೆ.

ಕ್ಯಾರೆಟ್ (ಗಜ್ಜರಿ) ಮತ್ತು ಬೀಟ್‌ರೂಟ್: ಸಾಲುಗಳ ನಡುವೆ 30 ಸೆಂ.ಮೀ. ಅಂತರ ಬಿಡಬೇಕು. ಇವುಗಳನ್ನು ಕಿತ್ತು ನೆಡಬಾರದು. ಬಿತ್ತಿದ ಮೂರು ವಾರಗಳ ನಂತರ ಹೆಚ್ಚುವರಿ ಸಸಿಗಳನ್ನು ತೆಗೆದು, ಕ್ಯಾರೆಟ್‌ಗೆ 7ರಿಂದ 8 ಸೆಂ.ಮೀ., ಬೀಟ್‌ರೂಟ್‌ಗೆ 10ರಿಂದ 15 ಸೆಂ.ಮೀ. ಅಂತರ ಉಳಿಸಬೇಕು. ಸಸಿ ತೆಳುಗೊಳಿಸದಿದ್ದರೆ ಎಲೆ ಬೆಳೆಯುತ್ತದೆಯೇ ಹೊರತು ಗೆಡ್ಡೆ ಕಟ್ಟುವುದಿಲ್ಲ.

ಹುರುಳಿಕಾಯಿ (ಬೀನ್ಸ್): ಅರ್ಕಾ ಕೋಮಲ್ ಗಿಡ್ಡ ತಳಿಗೆ ಆಸರೆ ಬೇಕಿಲ್ಲ. ಬಿತ್ತಿದ ಸುಮಾರು 50 ದಿನಗಳಿಂದ ಕಾಯಿ ಬಿಡಿಸಬಹುದು.

ಬಟಾಣಿ: ತಂಪು ಹವೆಯ ಬೆಳೆ. ನವೆಂಬರ್ ಮಧ್ಯದೊಳಗೆ ಬಿತ್ತನೆ ಮುಗಿಸಬೇಕು. ಅರ್ಕಾ ಅಜಿತ್ ತಳಿಯು ಬೂದಿ ರೋಗ ಮತ್ತು ತುಕ್ಕು ರೋಗಗಳನ್ನು ತಡೆದುಕೊಳ್ಳುತ್ತದೆ.

ಬೆಳ್ಳುಳ್ಳಿ: ದಪ್ಪ ಎಸಳುಗಳನ್ನು ಬಿಡಿಸಿ, ಮೊನೆ ಮೇಲ್ಮುಖವಾಗಿರುವಂತೆ 15 x 10 ಸೆಂ.ಮೀ. ಅಂತರದಲ್ಲಿ ಊರಬೇಕು. ಸುಮಾರು ನಾಲ್ಕು ತಿಂಗಳ ಬೆಳೆ.

ಮೇಲೆ ‘ಅರ್ಕಾ’ ಎಂಬ ಹೆಸರಿನಿಂದ ಸೂಚಿಸಿದ ತಳಿಗಳು ಬೆಂಗಳೂರು ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಭಿವೃದ್ಧಿಗೊಂಡವು.

6. ಸಸಿ ಮಾಡಿ ನೆಡುವ ತರಕಾರಿಗಳು

ಎಲೆಕೋಸು, ಹೂಕೋಸು, ನವಿಲುಕೋಸು, ಟೊಮೇಟೊ, ಬದನೆ, ಮೆಣಸಿನಕಾಯಿ ಮತ್ತು ಈರುಳ್ಳಿಯನ್ನು ಮೊದಲು ಒಟ್ಟುಪಾತಿಯಲ್ಲಿ ಬೆಳೆಸಿ ನಂತರ ನಾಟಿ ಮಾಡಬೇಕು. ಎತ್ತರಿಸಿದ ಪಾತಿಯಲ್ಲಿ 5ರಿಂದ 7 ಸೆಂ.ಮೀ. ಅಂತರದ ಗೆರೆಗಳಲ್ಲಿ ತೆಳುವಾಗಿ ಬಿತ್ತಿ, ಪುಡಿ ಗೊಬ್ಬರ ಮುಚ್ಚಿ, ಮೇಲೆ ಒಣ ಹುಲ್ಲನ್ನು ಹರಡಬೇಕು. ಮೊಳಕೆ ಕಾಣಿಸಿದ ದಿನವೇ ಹುಲ್ಲನ್ನು ತೆಗೆಯಬೇಕು. ನೀರು ಹೆಚ್ಚಾದರೆ ಸಸಿಗಳು ಬುಡ ಕೊಳೆತು ಸಾಯುತ್ತವೆ.

ನಾಟಿಗೆ ಸೂಕ್ತವಾದ ಸಸಿಯ ವಯಸ್ಸು ಹೀಗಿದೆ: ಎಲೆಕೋಸು, ಹೂಕೋಸು ಮತ್ತು ಟೊಮೇಟೊ 25ರಿಂದ 30 ದಿನ, ಬದನೆ 30ರಿಂದ 35 ದಿನ, ಮೆಣಸಿನಕಾಯಿ 35ರಿಂದ 40 ದಿನ, ಈರುಳ್ಳಿ 40ರಿಂದ 45 ದಿನ. ಒಟ್ಟುಪಾತಿ ಹಾಕಲು ತಡವಾಗಿರುವವರು ಸಸ್ಯಾಗಾರಗಳಿಂದ ಟ್ರೇಗಳಲ್ಲಿ ಬೆಳೆಸಿದ ಸಸಿಗಳನ್ನು ತಂದು ನೆಟ್ಟರೆ ಒಂದು ತಿಂಗಳ ಅವಧಿ ಉಳಿಯುತ್ತದೆ. ನಾಟಿಗೆ ನಾಲ್ಕೈದು ದಿನ ಮೊದಲು ನೀರು ಕಡಿಮೆ ಮಾಡಿ ಸಸಿಗಳನ್ನು ಗಟ್ಟಿಗೊಳಿಸಿ, ಸಂಜೆಯ ವೇಳೆ ನಾಟಿ ಮಾಡಬೇಕು.

ಹೂಕೋಸಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇದರ ತಳಿಗಳು ಉಷ್ಣಾಂಶಕ್ಕೆ ಅನುಗುಣವಾಗಿ ಬೇರೆ ಬೇರೆ. ಬೇಗನೆ ಬರುವ ತಳಿಯನ್ನು ತಡವಾಗಿ ಚಳಿಯಲ್ಲಿ ನೆಟ್ಟರೆ ಗುಂಡಿಯಷ್ಟೇ ಗಾತ್ರದ ಹೂವು ಬಿಟ್ಟು ನಿಲ್ಲುತ್ತದೆ. ಚಳಿ ಬೇಡುವ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಎಲೆ ಮಾತ್ರ ಬೆಳೆಯುತ್ತದೆ. ಬೀಜ ಕೊಳ್ಳುವಾಗ ನಾಟಿಯ ತಿಂಗಳನ್ನು ತಿಳಿಸಿಯೇ ತಳಿಯನ್ನು ಕೇಳಬೇಕು.

7. ಎಂಟು ಮಡಿಗಳ ಮಾದರಿ ಯೋಜನೆ

ಮಡಿ 1: ಎಲೆಕೋಸು 16 ಗಿಡ (45 x 45 ಸೆಂ.ಮೀ.)
ಮಡಿ 2: ಟೊಮೇಟೊ 16 ಗಿಡ (60 x 45 ಸೆಂ.ಮೀ.), ಕೋಲಿನ ಆಸರೆಯೊಂದಿಗೆ
ಮಡಿ 3: ಬದನೆ 6 ಗಿಡ, ಮೆಣಸಿನಕಾಯಿ 8 ಗಿಡ
ಮಡಿ 4: ಕ್ಯಾರೆಟ್ ಎರಡು ಸಾಲು, ಬೀಟ್‌ರೂಟ್ ಒಂದು ಸಾಲು
ಮಡಿ 5: ಹುರುಳಿಕಾಯಿ ಅಥವಾ ಬಟಾಣಿ
ಮಡಿ 6: ಮೂಲಂಗಿ ಮತ್ತು ನವಿಲುಕೋಸು
ಮಡಿ 7: ಮೆಂತ್ಯ, ಕೊತ್ತಂಬರಿ, ಪಾಲಕ್, ದಂಟು
ಮಡಿ 8: ಈರುಳ್ಳಿ ಮತ್ತು ಬೆಳ್ಳುಳ್ಳಿ

6 ಮತ್ತು 7ನೇ ಮಡಿಗಳನ್ನು ಒಂದೇ ದಿನ ಪೂರ್ತಿ ಬಿತ್ತಬಾರದು. ಮೂಲಂಗಿ ಮತ್ತು ಪ್ರತಿ ಸೊಪ್ಪಿನ ಭಾಗವನ್ನು ಮೂರು ಪಾಲು ಮಾಡಿ 15 ದಿನಗಳ ಅಂತರದಲ್ಲಿ ಬಿತ್ತಿದರೆ ಒಂದು ವಾರ ಹೊರೆಯಾಗಿ, ಮರುವಾರ ಏನೂ ಇಲ್ಲದಂತಾಗುವ ಸ್ಥಿತಿ ತಪ್ಪುತ್ತದೆ. ಟೊಮೇಟೊ, ಬದನೆ, ಮೆಣಸಿನಕಾಯಿ ಮತ್ತು ಆಲೂಗಡ್ಡೆ ಒಂದೇ ಕುಟುಂಬಕ್ಕೆ ಸೇರಿದವು. ಕಳೆದ ಬಾರಿ ಇವುಗಳಲ್ಲಿ ಯಾವುದಾದರೊಂದನ್ನು ಬೆಳೆದ ಮಡಿಯಲ್ಲಿ ಈ ಬಾರಿ ಬೇರೆ ಬೆಳೆ ಹಾಕಬೇಕು. ಇಲ್ಲವಾದಲ್ಲಿ ಸೊರಗು ರೋಗ ಮರುಕಳಿಸುತ್ತದೆ.

8. ಪ್ರದೇಶವಾರು ಸೂಚನೆಗಳು

ದಕ್ಷಿಣ ಒಳನಾಡು: ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಭಾಗಗಳಲ್ಲಿ ಮೇಲಿನ ಎಲ್ಲ ಬೆಳೆಗಳೂ ಸೂಕ್ತ. ಸಂಕ್ರಾಂತಿಯ ವೇಳೆಗೆ ಬರುವ ಸೊಗಡಿನ ನಾಟಿ ಅವರೆಯು ಹಗಲು ಕಿರಿದಾದಾಗ ಹೂ ಬಿಡುವ ಜಾತಿಯಾದುದರಿಂದ ಅದನ್ನು ಮಳೆಗಾಲದಲ್ಲೇ ಬಿತ್ತಿರಬೇಕು. ಈಗ ಬಿತ್ತುವವರು ಹಗಲಿನ ಅವಧಿಯನ್ನು ಅವಲಂಬಿಸದ ಹೆಬ್ಬಾಳ ಅವರೆ-4 ಅಥವಾ ಅರ್ಕಾ ಜಯ್ ತಳಿಯನ್ನು ಬಳಸಬಹುದು.

ಉತ್ತರ ಒಳನಾಡು: ಕಪ್ಪು ಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡುವುದರಿಂದ 7-8 ದಿನಗಳಿಗೊಮ್ಮೆ ನೀರು ಸಾಕು, ಕೆಂಪು ಮಣ್ಣಿಗಾದರೆ 3-4 ದಿನಗಳಿಗೊಮ್ಮೆ ಬೇಕು. ಗಜ್ಜರಿ, ಮೂಲಂಗಿ, ಮೆಂತೆ, ಪುಂಡಿಪಲ್ಲೆ, ರಾಜಗಿರಿ ಮತ್ತು ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಕಿ ಸೊಪ್ಪನ್ನು ಬೆಳೆಯಬಹುದು. ಗೆಡ್ಡೆ ಬೆಳೆಗಳನ್ನು ಬದುಗಳ ಮೇಲೆ ಬಿತ್ತಿದರೆ ಗಟ್ಟಿ ಮಣ್ಣಿನಲ್ಲೂ ನೇರವಾಗಿ ಇಳಿಯುತ್ತವೆ.

ಕರಾವಳಿ: ಚಳಿ ಸೌಮ್ಯವಾಗಿರುವುದರಿಂದ ಹೂಕೋಸು ಮತ್ತು ಬಟಾಣಿ ಇಲ್ಲಿ ಲಾಭಕರವಲ್ಲ. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಹರಿವೆ, ಅಲಸಂಡೆ, ಬೆಂಡೆ, ಹೀರೆ, ಬಣ್ಣದ ಸೌತೆ ಮತ್ತು ಬಸಳೆ ಬೆಳೆಯುವ ಪದ್ಧತಿಯೇ ಸೂಕ್ತ. ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಗುಳ್ಳವೂ ಹೀಗೆಯೇ ಗದ್ದೆಯಲ್ಲಿ ಬೆಳೆಯುವ ಬದನೆ; ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ.

ಮಲೆನಾಡು: ಮಳೆಯಿಂದ ಮಣ್ಣು ಹುಳಿಯಾಗಿರುವ ಕಡೆ ಮಣ್ಣು ಪರೀಕ್ಷೆಯ ಸಲಹೆಯಂತೆ ಕೃಷಿ ಸುಣ್ಣ ಸೇರಿಸಿದ ನಂತರ ಕೋಸು ಮತ್ತು ಬೀನ್ಸ್ ಬೆಳೆಯಬೇಕು. ಮರಗಳ ನೆರಳಿಲ್ಲದ ಜಾಗವನ್ನು ಆರಿಸುವುದು ಮುಖ್ಯ.

9. ಈ ಅವಧಿಯಲ್ಲಿ ಬಿತ್ತಬಾರದವು

ಒಳನಾಡಿನ ಚಳಿ ಪ್ರದೇಶಗಳಲ್ಲಿ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಬೆಂಡೆ, ಸೋರೆ, ಹೀರೆ, ಹಾಗಲ ಮತ್ತು ಕುಂಬಳವನ್ನು ಬಿತ್ತಬಾರದು. ತಂಪು ಮಣ್ಣಿನಲ್ಲಿ ಇವುಗಳ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ಬಳ್ಳಿ ಮುರುಟುತ್ತದೆ. ಜನವರಿ ಕೊನೆಯಿಂದ ಬಿತ್ತಿದರೆ ಬೇಸಿಗೆಯ ಬೆಳೆಯಾಗಿ ಬರುತ್ತವೆ.

10. ಹಣ್ಣಿನ ಗಿಡಗಳು

ಹಣ್ಣಿನ ಗಿಡ ನೆಡಲು ಜೂನ್-ಜುಲೈ ತಿಂಗಳುಗಳೇ ಮುಖ್ಯ ಕಾಲ. ಈಗ ನೆಟ್ಟ ಗಿಡವು ಬೇರೂರುವ ಮೊದಲೇ ಬೇಸಿಗೆಯನ್ನು ಎದುರಿಸಬೇಕಾಗುತ್ತದೆ. ಮೇ ತಿಂಗಳವರೆಗೆ ನೀರು ಕೊಡುವ ಖಾತರಿಯಿದ್ದರೆ ಮಾತ್ರ ಕೆಳಗಿನವುಗಳನ್ನು ನೆಡಬಹುದಾಗಿದೆ.

ಪರಂಗಿ: 45 ಸೆಂ.ಮೀ. ಗುಂಡಿಗಳಲ್ಲಿ 1.8 ಮೀಟರ್ ಅಂತರದಲ್ಲಿ ನೆಡಬೇಕು. ಸೂರ್ಯ, ಕೂರ್ಗ್ ಹನಿಡ್ಯೂ ತಳಿಗಳಲ್ಲಿ ಗಂಡು ಗಿಡಗಳ ಸಮಸ್ಯೆ ಇರುವುದಿಲ್ಲ. ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ.

ಬಾಳೆ: ಬಚ್ಚಲ ನೀರು ಹರಿಯುವ ಕಡೆ ಏಲಕ್ಕಿ ಬಾಳೆಯ ಒಂದೆರಡು ಕಂದು ಸಾಕು. ರೋಗವಿಲ್ಲದ ತಾಯಿ ಗಿಡದ, ಕತ್ತಿಯಂತೆ ಕಿರಿದಾದ ಎಲೆಯ ಕಂದುಗಳನ್ನೇ ಆರಿಸಬೇಕು.

ನುಗ್ಗೆ, ಕರಿಬೇವು, ನಿಂಬೆ ಮತ್ತು ಸೀಬೆ: ಮನೆಗೊಂದು ಗಿಡ ಸಾಕು. ನುಗ್ಗೆಯಲ್ಲಿ ಪಿ.ಕೆ.ಎಂ.-1 ಮತ್ತು ಭಾಗ್ಯ ತಳಿಗಳು ಬೇಗ ಫಲ ಕೊಡುತ್ತವೆ. ಕಸಿ ಗಿಡ ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೆ ಇರಬೇಕು. ಗಂಟಿನ ಕೆಳಗೆ ಬರುವ ಚಿಗುರನ್ನು ಕೂಡಲೇ ಚಿವುಟಬೇಕು.

ಫಲ ಕೊಡುತ್ತಿರುವ ಮಾವಿನ ಮರಗಳಿಗೆ ನವೆಂಬರ್‌ನಿಂದ ಹೂ ಬಿಡುವವರೆಗೆ ನೀರು ಮತ್ತು ಗೊಬ್ಬರ ನೀಡಬಾರದು. ಮರಕ್ಕೆ ಈಗ ವಿಶ್ರಾಂತಿ ಬೇಕು. ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ.

11. ಕೀಟ ಮತ್ತು ರೋಗ ನಿರ್ವಹಣೆ

ಕೈತೋಟದ ಸೊಪ್ಪನ್ನು ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಉಣ್ಣುವುದರಿಂದ ರಾಸಾಯನಿಕ ಕೀಟನಾಶಕಗಳನ್ನು ಬಳಸದಿರುವುದು ಕ್ಷೇಮ. ಎಲೆಯ ಅಡಿಭಾಗವನ್ನು ವಾರಕ್ಕೆರಡು ಬಾರಿ ಪರಿಶೀಲಿಸಿ, ಮೊಟ್ಟೆ ಮತ್ತು ಮರಿಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸಬೇಕು. ಎಲೆಕೋಸಿನ ಪಕ್ಕದಲ್ಲಿ 15 ದಿನ ಮೊದಲೇ ಒಂದು ಸಾಲು ಸಾಸಿವೆ ಬಿತ್ತಿದರೆ ಕೋಸಿನ ಪತಂಗಗಳು ಸಾಸಿವೆಯತ್ತ ಹೋಗುತ್ತವೆ. ಬಿಳಿನೊಣಕ್ಕೆ ಹಳದಿ ಅಂಟುಬಲೆ ಕಟ್ಟಬಹುದು.

ಸಸ್ಯಹೇನಿನ ಬಾಧೆ ಕಂಡಲ್ಲಿ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಎಲೆ ಮುದುರಿದ ಟೊಮೇಟೊ, ಮೆಣಸಿನ ಗಿಡಗಳು ಗುಣವಾಗುವುದಿಲ್ಲ. ಅವುಗಳನ್ನು ಕಿತ್ತು ಸುಡಬೇಕು. ಇಬ್ಬನಿ ಬೀಳುವ ದಿನಗಳಲ್ಲಿ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಬಾರದು.

12. ಇಲಾಖೆಯಿಂದ ದೊರೆಯುವ ಸೇವೆಗಳು

ಸ್ವಂತ ಬಳಕೆಯ ಕೈತೋಟಕ್ಕೆ ಇಲಾಖೆಯ ಅನುಮತಿ ಅಗತ್ಯವಿಲ್ಲ. ಇಲಾಖೆಯ ಸಸ್ಯಾಗಾರಗಳಲ್ಲಿ ಕಸಿ ಗಿಡ ಮತ್ತು ಸಸಿಗಳನ್ನು, ಲಭ್ಯತೆಗೆ ಒಳಪಟ್ಟು, ನಿಗದಿತ ದರ ಪಾವತಿಸಿ ಪಡೆಯಬಹುದಾಗಿದೆ. ಪಾವತಿಗೆ ರಸೀದಿ ಪಡೆಯತಕ್ಕದ್ದು.

ಮಣ್ಣು ಪರೀಕ್ಷೆಗೆ 8ರಿಂದ 10 ಕಡೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕೆ.ಜಿ.ಯಷ್ಟನ್ನು ಶುಭ್ರ ಚೀಲದಲ್ಲಿ ತರಬೇಕು. ತಿಪ್ಪೆ ಮತ್ತು ಮರದ ಬುಡದ ಮಣ್ಣನ್ನು ಸೇರಿಸಬಾರದು.

ಸಹಾಯಧನದ ಯೋಜನೆಗಳಿಗೆ ಅರ್ಜಿ ಸಲ್ಲಿಸುವ ರೈತರು ಸಾಮಾನ್ಯವಾಗಿ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಮತ್ತು ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಒದಗಿಸಬೇಕಾಗುತ್ತದೆ. ಸೌಲಭ್ಯಗಳು ಆಯಾ ಆರ್ಥಿಕ ವರ್ಷದ ಅನುದಾನ ಮತ್ತು ಮಾರ್ಗಸೂಚಿಗೆ ಒಳಪಟ್ಟಿರುವುದರಿಂದ, ಖರ್ಚು ಮಾಡುವ ಮೊದಲೇ ಕಛೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಸೂಕ್ತ.

13. ಸಂಪರ್ಕ

ಹೋಬಳಿ ಮಟ್ಟ: ರೈತ ಸಂಪರ್ಕ ಕೇಂದ್ರದಲ್ಲಿನ ಸಹಾಯಕ ತೋಟಗಾರಿಕೆ ಅಧಿಕಾರಿಗಳು
ತಾಲ್ಲೂಕು ಮಟ್ಟ: ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರು
ಜಿಲ್ಲಾ ಮಟ್ಟ: ತೋಟಗಾರಿಕೆ ಉಪ ನಿರ್ದೇಶಕರು
ತಾಂತ್ರಿಕ ಸಲಹೆಗೆ: ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ
ಕಿಸಾನ್ ಕಾಲ್ ಸೆಂಟರ್ (ಶುಲ್ಕರಹಿತ): 1800-180-1551

ಸಲಹೆ ಕೇಳಲು ಬರುವವರು ರೋಗ ತಗುಲಿದ ಗಿಡದ ಎಲೆ ಅಥವಾ ಕಾಯಿಯನ್ನು ಚೀಲದಲ್ಲಿ ಕಟ್ಟಿ ತಂದಲ್ಲಿ ಸೂಕ್ತ ಪರಿಹಾರ ಸೂಚಿಸಲು ಅನುಕೂಲವಾಗುತ್ತದೆ.